ಮಲೆನಾಡಿನ ಕೆಸರಿಗೆ ಅಗಲದ ಟೈರೋ, ಸಣ್ಣ ಟೈರೋ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮದೊಂದು ಕಾಫಿ ತೋಟ ಇದೆ. ಗಾಡಿ ಮಹೀಂದ್ರಾ ಥಾರ್ ಎಲ್‌ಎಕ್ಸ್ ಡೀಸೆಲ್. ಕಂಪನಿಯಿಂದ ಬಂದ 255/65 ಆರ್ 18 (ಅಗಲ 255 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 65, ರಿಮ್ 18 ಇಂಚು) ಟೈರುಗಳು ಸವೆದಿವೆ. ಅಂಗಡಿಯವರು 285/60 ಆರ್ 18 ಹಾಕಿಸಿ, ಜೊತೆಗೆ ಹೊರಗೆ ಚಾಚಿಕೊಳ್ಳುವ ಅಗಲದ ರಿಮ್ಮನ್ನೂ ಹಾಕಿಸಿ ಅನ್ನುತ್ತಾರೆ. ದುಬೈನಲ್ಲಿರುವ ನನ್ನ ಭಾವ ಕೂಡ ಟೈರ್ ಅಗಲ ಇದ್ದಷ್ಟೂ ಗಾಡಿ ಹೂತುಕೊಳ್ಳುವುದಿಲ್ಲ ಅನ್ನುತ್ತಾರೆ. ಆದರೆ ತೋಟದಲ್ಲಿ ಬಹಳ ವರ್ಷದಿಂದ ಹಳೇ ಜೀಪು ಓಡಿಸುವ ಡ್ರೈವರ್ ಅಣ್ಣ ಸಣ್ಣ ಟೈರೇ (ಅಂದರೆ ಅಗಲ ಕಡಿಮೆ ಇರುವುದೇ) ವಾಸಿ, ಅಗಲದ್ದು ಕೆಸರಲ್ಲಿ ತೇಲಾಡುತ್ತೆ ಅನ್ನುತ್ತಾರೆ. ಮಳೆಗಾಲದಲ್ಲಿ ತೋಟದ ಏರು ದಾರಿ, ಗದ್ದೆ ಬದಿಯ ದಾರಿ ಎರಡೂ ಹತ್ತಿಸಬೇಕು. ತಿಂಗಳಿಗೆ ಎರಡು ಸಲ ಬೆಂಗಳೂರಿಗೂ ಹೋಗಬೇಕು. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಡ್ರೈವರ್ ಅಣ್ಣನ ಮಾತು ಕೇಳಿ. ಭಾವ ಹೇಳಿದ್ದೂ ಸುಳ್ಳಲ್ಲ. ಆದರೆ ಅವರು ನೋಡಿರುವುದು ಮರಳು, ನೀವು ಓಡಿಸುವುದು ಮಲೆನಾಡಿನ ಕೆಸರಿನಲ್ಲಿ. ಈ ಎರಡು ನೆಲಗಳಿಗೆ ಟೈರಿನಿಂದ ಬೇಕಾದ ಕೆಲಸವೇ ಬೇರೆ ಬೇರೆ. ಅಂಗಡಿಯವರ ಸಲಹೆ ಮಾತ್ರ ಎರಡಕ್ಕೂ ಸರಿಯಾಗಿ ಹೊಂದುವುದಿಲ್ಲ. ಅದಕ್ಕೆ ಕಾರಣ ಬಿಡಿಸಿ ಹೇಳುತ್ತೇನೆ.

ಅಗಲದ ಟೈರ್ ನೆಲಕ್ಕೆ ಜಾಸ್ತಿ ತಾಗುತ್ತದೆ, ಆದ್ದರಿಂದ ಹಿಡಿತವೂ ಜಾಸ್ತಿ ಅಂತ ಬಹಳ ಜನ ನಂಬಿದ್ದಾರೆ. ಇದು ಅರ್ಧ ಮಾತ್ರ ನಿಜ. ಟೈರ್ ಗಾಡಿಯನ್ನು ಹೊರುವುದು ಮುಖ್ಯವಾಗಿ ಒಳಗಿನ ಗಾಳಿಯಿಂದ. ನಿಮ್ಮ ಗಾಡಿ ಜನ ಕೂತಾಗ ಸುಮಾರು 1800 ಕೆಜಿ ಅಂತ ಇಟ್ಟುಕೊಳ್ಳಿ. ಒಂದು ಚಕ್ರದ ಮೇಲೆ 450 ಕೆಜಿ ಬಿತ್ತು. 30 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಗಾಳಿ ಅಂದರೆ ಚದರ ಸೆಂಟಿಮೀಟರಿಗೆ 2.1 ಕೆಜಿ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಹತ್ತಿರ ಹತ್ತಿರ 210 ಚದರ ಸೆಂಟಿಮೀಟರ್. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ ನೋಡಿ. ಟೈರಿನ ಪಕ್ಕದ ಗೋಡೆಯ ಬಿಗಿಯಿಂದ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಆದರೆ ಮೂಲ ಲೆಕ್ಕ ಇದೇ. ಗಾಳಿಯೂ ಭಾರವೂ ಅಷ್ಟೇ ಇದ್ದರೆ, ಸಣ್ಣದಿರಲಿ ಅಗಲದ್ದಿರಲಿ, ತಾಗುವ ಜಾಗ ಹೆಚ್ಚುಕಡಿಮೆ ಒಂದೇ.

ಬದಲಾಗುವುದು ಆ ಜಾಗದ ಆಕಾರ. ತಾಗುವ ಅಗಲ 20 ಸೆಂಟಿಮೀಟರ್ ಆದರೆ ಉದ್ದ ಹತ್ತೂವರೆ ಬರುತ್ತದೆ. ಅಗಲ 24 ಆದರೆ ಉದ್ದ 9ಕ್ಕಿಂತ ಕಡಿಮೆ. ಸಣ್ಣ ಟೈರಿನ ಹೆಜ್ಜೆ ಗಾಡಿ ಹೋಗುವ ದಿಕ್ಕಿಗೆ ಉದ್ದವಾಗಿರುತ್ತದೆ, ಅಗಲದ ಟೈರಿನದು ಅಡ್ಡಕ್ಕೆ ಹರಡಿರುತ್ತದೆ.

ಕೆಸರಿನಲ್ಲಿ ಈ ಆಕಾರಕ್ಕೆ ಬಹಳ ಬೆಲೆ ಇದೆ. ಗದ್ದೆ ಸಮ ಮಾಡುವ ಹಲಗೆಯನ್ನು ಅಡ್ಡಕ್ಕೆ ಎಳೆದರೆ ಎತ್ತು ಏದುಸಿರು ಬಿಡುತ್ತವೆ. ಅದೇ ಹಲಗೆಯನ್ನು ಉದ್ದಕ್ಕೆ ಎಳೆದರೆ ಸರಾಗವಾಗಿ ಜಾರುತ್ತದೆ. ಟೈರಿಗೂ ಹೀಗೇ. ಕೆಸರಿಗೆ ಇಳಿದ ಚಕ್ರ ತನ್ನ ಮುಂದಿರುವ ಮಣ್ಣನ್ನು ಒತ್ತಿ ಪಕ್ಕಕ್ಕೆ ತಳ್ಳುತ್ತಾ ಹೋಗಬೇಕು. ಅಗಲ ಜಾಸ್ತಿ ಆದಷ್ಟೂ ತಳ್ಳಬೇಕಾದ ಮಣ್ಣು ಜಾಸ್ತಿ. ಎಂಜಿನ್ನಿನ ಶಕ್ತಿ ಗಾಡಿ ಮುಂದೆ ಹೋಗುವುದಕ್ಕಿಂತ ಮಣ್ಣು ತಳ್ಳುವುದಕ್ಕೇ ಖರ್ಚಾಗುತ್ತದೆ.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಪೋಲೆಂಡ್ ಮೂಲದ ಎಂಜಿನಿಯರ್ ಎಂ. ಜಿ. ಬೆಕ್ಕರ್. ಮೆದು ನೆಲದ ಮೇಲೆ ಚಕ್ರ ಎಷ್ಟು ಇಳಿಯುತ್ತದೆ, ಅದಕ್ಕೆ ನೆಲ ಎಷ್ಟು ತಡೆ ಒಡ್ಡುತ್ತದೆ ಅನ್ನುವುದಕ್ಕೆ 1950ರ ದಶಕದಲ್ಲೇ ಸೂತ್ರ ಕಟ್ಟಿದವರು ಅವರು. 1971ರಲ್ಲಿ ಗಗನಯಾನಿಗಳು ಚಂದ್ರನ ಮೇಲೆ ಓಡಿಸಿದ ಗಾಡಿಯ ವಿನ್ಯಾಸದಲ್ಲೂ ಅವರ ಪಾಲಿದೆ. ತಾಗುವ ಜಾಗ ಅಷ್ಟೇ ಇದ್ದರೆ, ಗಿಡ್ಡವಾಗಿ ಅಗಲ ಇರುವ ಹೆಜ್ಜೆಗಿಂತ ಉದ್ದವಾಗಿ ಸಣ್ಣಗಿರುವ ಹೆಜ್ಜೆಗೆ ನೆಲ ಒಡ್ಡುವ ತಡೆ ಕಡಿಮೆ ಅಂತ ಅವರ ಲೆಕ್ಕ ಹೇಳುತ್ತದೆ. ನಿಮ್ಮ ಡ್ರೈವರ್ ಅಣ್ಣ ಸೂತ್ರ ಓದದೆ, ಓಡಿಸಿ ಓಡಿಸಿ ತಿಳಿದುಕೊಂಡದ್ದು ಇದನ್ನೇ.

ಈಗ ನಿಮ್ಮ ನೆಲಕ್ಕೆ ಬರೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ತೋಟದ ದಾರಿ ಹೇಗಿರುತ್ತದೆ? ಮೇಲೆ ಕೊಳೆತ ಎಲೆ, ಪಾಚಿ, ನಾಲ್ಕೈದು ಇಂಚು ಲೊಚಲೊಚ ಕೆಸರು. ಅದರ ಅಡಿಯಲ್ಲಿ ಗಟ್ಟಿ ಕೆಂಪುಮಣ್ಣೋ ಗೊಚ್ಚೋ ಜಂಬಿಟ್ಟಿಗೆಯೋ ಇದ್ದೇ ಇರುತ್ತದೆ. ಇಂಥ ಕಡೆ ಟೈರ್ ಮಾಡಬೇಕಾದ ಕೆಲಸ ಮೇಲಿನ ಲೋಳೆಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುವುದು. ಸಣ್ಣ ಟೈರ್ ಅದನ್ನು ಬೇಗ ಮಾಡುತ್ತದೆ. ಅಗಲದ ಟೈರ್ ಲೋಳೆಯ ಮೇಲೇ ಕೂರುತ್ತದೆ. ಕೂತರೆ ಟೈರಿನ ಮೈಮೇಲಿನ ಉಬ್ಬುಗಳ ನಡುವೆ ಮಣ್ಣು ತುಂಬಿ ಟೈರು ನುಣ್ಣಗಾಗುತ್ತದೆ. ಆಮೇಲೆ ಏರಿನಲ್ಲಿ ಹಿಂಭಾಗ ಪಕ್ಕಕ್ಕೆ ಜಾರುವುದು, ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೂ ಗಾಡಿ ತನ್ನ ಪಾಡಿಗೆ ಹೋಗುವುದು, ಇವೆಲ್ಲ ಶುರುವಾಗುತ್ತವೆ. ಡ್ರೈವರ್ ಅಣ್ಣ ತೇಲಾಟ ಅಂತ ಹೇಳಿದ್ದು ಇದಕ್ಕೇ.

ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತಾಗುವುದಿಲ್ಲ, ತೋಟದವರಿಗೆ ಚೆನ್ನಾಗಿ ಗೊತ್ತು. ನಿಮ್ಮ ದಾರಿಯಲ್ಲಿರುವ ಜಾಡು ಕೊರೆದದ್ದು ನಿಮ್ಮ ಥಾರ್ ಅಲ್ಲ. ಟ್ರ್ಯಾಕ್ಟರ್, ಟ್ರೈಲರ್, ಪಿಕಪ್ ಓಡಾಡಿ ಆ ಜಾಡು ಬಿದ್ದಿರುತ್ತದೆ. ಟ್ರೈಲರ್‌ಗೆ 7.50-16 ಅಥವಾ 9.00-16 ಅಳತೆಯ ಟೈರ್ ಸಾಮಾನ್ಯ. ಅಂದರೆ ಏಳೂವರೆಯಿಂದ ಒಂಬತ್ತು ಇಂಚು ಅಗಲ. 285 ಅಂದರೆ 11 ಇಂಚಿಗೂ ಜಾಸ್ತಿ. ಅಂಥ ಟೈರ್ ಜಾಡಿನ ಒಳಗೆ ಪೂರ್ತಿ ಇಳಿಯುವುದೂ ಇಲ್ಲ, ಹೊರಗೆ ನಿಲ್ಲುವುದೂ ಇಲ್ಲ. ಎರಡು ದಂಡೆಯ ಮೇಲೆ ಅರ್ಧರ್ಧ ಕೂರುತ್ತದೆ. ಒಂದು ದಂಡೆ ಕುಸಿದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಪಕ್ಕದಲ್ಲಿ ಕಾಲುವೆಯೋ ಕೆರೆ ಏರಿಯೋ ಇದ್ದರೆ ಅದು ಎಂಥ ಅಪಾಯ ಅಂತ ನಾನು ಹೇಳಬೇಕಾಗಿಲ್ಲ.

ಹಳೇ ಜೀಪಿನ ಮಾತು ಬಂತಲ್ಲ, ಅದನ್ನೂ ನೋಡೋಣ. ವಿಲ್ಲಿಸ್ ಜೀಪಿಗೆ ಬರುತ್ತಿದ್ದುದು 6.00-16 ಅಳತೆಯ ಟೈರು, ಬರೀ ಆರು ಇಂಚು ಅಗಲ. ಇವತ್ತಿಗೂ ನಮ್ಮ ಟ್ರ್ಯಾಕ್ಟರುಗಳ ಮುಂದಿನ ಚಕ್ರಕ್ಕೆ ಈ ಅಳತೆ ಸಾಮಾನ್ಯ. (ಹಾಗಂತ ಟ್ರ್ಯಾಕ್ಟರಿನ ಮುಂದಿನ ಟೈರನ್ನು ಜೀಪಿಗೆ ಹಾಕಬೇಡಿ. ಅದರ ಉದ್ದಗೆರೆಯ ವಿನ್ಯಾಸ ಟ್ರ್ಯಾಕ್ಟರ್ ತಿರುಗಿಸಲು ಮಾಡಿದ್ದು. ರಸ್ತೆಯ ವೇಗಕ್ಕೂ ಅದು ಆಗುವುದಿಲ್ಲ.) ಮಾರುತಿ ಜಿಮ್ನಿಗೆ ಕಂಪನಿ ಕೊಟ್ಟಿರುವುದು 195/80 ಆರ್ 15. ಆಫ್ರಿಕಾದ ಕಚ್ಚಾ ದಾರಿಗಳಲ್ಲಿ ನೆರವು ಸಂಸ್ಥೆಗಳು ಓಡಿಸುವ ಲ್ಯಾಂಡ್ ಕ್ರೂಸರ್ 70 ಸರಣಿಯ ಗಾಡಿಗಳಿಗೆ ಬಹಳ ಕಾಲ 7.50 ಆರ್ 16 ಬರುತ್ತಿತ್ತು. ಇವೆಲ್ಲ ದುಡಿಯುವ ಗಾಡಿಗಳು. ದಿನವೂ ಕೆಸರು, ಕಲ್ಲು, ಭಾರ ನೋಡುವ ಗಾಡಿಗಳಿಗೆ ಎತ್ತರ ಇದ್ದು ಅಗಲ ಕಡಿಮೆ ಇರುವ ಟೈರ್ ಸುಮ್ನೆ ಬಂದದ್ದಲ್ಲ.

ಹಾಗಾದರೆ ಭಾರೀ ಅಗಲದ ಟೈರು ಎಲ್ಲಿಗೆ? ಅದಕ್ಕೂ ತನ್ನದೇ ಜಾಗ ಇದೆ. ದುಬೈ ಸುತ್ತಲಿನ ಮರಳು ದಿಬ್ಬದಲ್ಲಿ ಎಷ್ಟು ಸೀಳಿದರೂ ಕೆಳಗೆ ಗಟ್ಟಿ ನೆಲ ಸಿಗುವುದಿಲ್ಲ. ಅಲ್ಲಿ ಮೇಲೆ ನಿಲ್ಲುವುದೊಂದೇ ದಾರಿ. ಅಗಲದ ಟೈರಿನಲ್ಲಿ ಗಾಳಿಗೆ ಜಾಗ ಜಾಸ್ತಿ. ಆದ್ದರಿಂದ ಅಷ್ಟೇ ಭಾರವನ್ನು ಕಡಿಮೆ ಒತ್ತಡದಲ್ಲಿ ಹೊರಬಲ್ಲದು. ಮರಳಿನವರು 12ರಿಂದ 15 ಪಿಎಸ್‌ಐಗೆ ಇಳಿಸಿ ಓಡಿಸುತ್ತಾರೆ. ಐಸ್‌ಲ್ಯಾಂಡಿನಲ್ಲಿ ಹಿಮನದಿಗಳ ಮೇಲೆ ಓಡುವ ಗಾಡಿಗಳಿಗೆ 38, 44 ಇಂಚು ಎತ್ತರದ ದೊಡ್ಡ ಟೈರು ಹಾಕಿ, ಗಾಳಿಯನ್ನು ನಾಲ್ಕೈದು ಪಿಎಸ್‌ಐಗೂ ಇಳಿಸುತ್ತಾರೆ. ಅಮೆರಿಕದ ಯೂಟಾ ರಾಜ್ಯದ ಮೋಆಬ್‌ನಲ್ಲಿ ಬರಿಯ ಬಂಡೆ. ಅಲ್ಲಿ ಅಗಲದ ಮೆತ್ತನೆ ಟೈರ್ ಕಲ್ಲನ್ನು ತಬ್ಬಿ ಹಿಡಿಯುತ್ತದೆ. ವಿಡಿಯೋಗಳಲ್ಲಿ ನಾವು ನೋಡಿ ಆಸೆ ಪಡುವ ಗಾಡಿಗಳು ಹೆಚ್ಚಾಗಿ ಇಂಥ ಊರುಗಳವು. ಅವುಗಳ ಟೈರು ಆ ನೆಲದ ಪ್ರಶ್ನೆಗೆ ಸಿಕ್ಕ ಉತ್ತರ. ನಿಮ್ಮ ನೆಲ ಆ ಪ್ರಶ್ನೆ ಕೇಳುತ್ತಲೇ ಇಲ್ಲ.

ಗದ್ದೆ ಬದಿಯ ದಾರಿ ಬಗ್ಗೆ ನೀವು ಕೇಳಿದ್ದೀರಿ. ಇದು ಸ್ವಲ್ಪ ಸೂಕ್ಷ್ಮ. ನಾಟಿ ಸಮಯದ ಗದ್ದೆಯಲ್ಲಿ ತಳ ಆಳದಲ್ಲಿರುತ್ತದೆ. ಅದಕ್ಕೇ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಕಟ್ಟುತ್ತಾರೆ. ಅಲ್ಲಿ ಸಣ್ಣ ಟೈರ್ ಇಳಿಯುತ್ತಲೇ ಹೋಗುತ್ತದೆ, ಅಗಲದ ಟೈರ್ ನಾಲ್ಕು ಮಾರು ಮುಂದೆ ಹೋಗಿ ಇಳಿಯುತ್ತದೆ. ಎರಡೂ ಹೂತುಕೊಳ್ಳುತ್ತವೆ. ದಾರಿ ಅನುಮಾನ ಅನ್ನಿಸಿದರೆ ಇಳಿದು ಒಂದು ಕೋಲು ಚುಚ್ಚಿ ನೋಡಿ. ಒಂದು ಗೇಣಿನೊಳಗೆ ಗಟ್ಟಿ ನೆಲ ತಗುಲಿದರೆ ಫೋರ್ ವೀಲ್ ಹಾಕಿ, ಲೋ ಗೇರಿನಲ್ಲಿ ನಿಧಾನವಾಗಿ ಹೋಗಬಹುದು. ಗೇಣು ದಾಟಿದರೂ ಕೋಲು ಇಳಿಯುತ್ತಿದ್ದರೆ ಯಾವ ಟೈರ್ ಇದ್ದರೂ ಹೋಗಬೇಡಿ. ನಿಮ್ಮ ಗಾಡಿಯ ಹೊಟ್ಟೆ ನೆಲದಿಂದ 226 ಮಿಲಿಮೀಟರ್ ಎತ್ತರದಲ್ಲಿದೆ, ಅದೂ ಹೆಚ್ಚುಕಡಿಮೆ ಒಂದು ಗೇಣೇ. ಅದಕ್ಕಿಂತ ಜಾಸ್ತಿ ಇಳಿದರೆ ಹೊಟ್ಟೆ ಕೆಸರಿನ ಮೇಲೆ ಕೂರುತ್ತದೆ. ಆಮೇಲೆ ಚಕ್ರ ಸುಮ್ನೆ ತಿರುಗುತ್ತದೆ ಅಷ್ಟೇ.

ಈ ಹೊಟ್ಟೆಯ ಎತ್ತರದ ಕಾರಣಕ್ಕೇ ನಾನು ಅಗಲಕ್ಕಿಂತ ಟೈರಿನ ಎತ್ತರಕ್ಕೆ ಜಾಸ್ತಿ ಬೆಲೆ ಕೊಡುತ್ತೇನೆ. ಹಿಂದಿನ ಡಿಫರೆನ್ಷಿಯಲ್ ಹೌಸಿಂಗನ್ನು (ಹಿಂದಿನ ಎರಡು ಚಕ್ರಗಳ ನಡುವೆ ಕೆಳಗೆ ಉಬ್ಬಿರುವ ಗೇರಿನ ಪೆಟ್ಟಿಗೆ) ನೆಲದಿಂದ ಮೇಲಕ್ಕೆತ್ತುವುದು ಟೈರಿನ ಎತ್ತರ ಮಾತ್ರ. ಸಸ್ಪೆನ್ಷನ್ ಎತ್ತರಿಸಿದರೂ ಅದು ಮೇಲೇಳುವುದಿಲ್ಲ, ಬಾಡಿ ಮಾತ್ರ ಏಳುತ್ತದೆ. ಎತ್ತರದ ಟೈರಿನ ಹೆಜ್ಜೆಯೂ ಸ್ವಲ್ಪ ಉದ್ದ. ಕಲ್ಲು, ಬೇರು, ಹಳ್ಳದ ಅಂಚು ಹತ್ತುವುದೂ ಸುಲಭ.

ಈಗ ಅಂಗಡಿಯವರ ಸಲಹೆಯನ್ನು ಇದೇ ಕಣ್ಣಿನಿಂದ ನೋಡಿ. ನಿಮ್ಮ 255/65 ಆರ್ 18 ಟೈರಿನ ಎತ್ತರ 789 ಮಿಲಿಮೀಟರ್. ಅವರು ಹೇಳುವ 285/60 ಆರ್ 18 ಎತ್ತರ 799. ವ್ಯತ್ಯಾಸ 10 ಮಿಲಿಮೀಟರ್. ಅದರಲ್ಲಿ ಅರ್ಧ ಮಾತ್ರ ಹೌಸಿಂಗಿನ ಕೆಳಗೆ ಸಿಗುವುದು, ಅಂದರೆ 5 ಮಿಲಿಮೀಟರ್. ಅಷ್ಟಕ್ಕಾಗಿ ಪ್ರತಿ ಚಕ್ರಕ್ಕೆ 30 ಮಿಲಿಮೀಟರ್ ಅಗಲ, ಅದರ ತೂಕ, ಅದಕ್ಕೆ ಕೆಸರು ಒಡ್ಡುವ ತಡೆ, ಅದರ ದುಡ್ಡು. ಈ ವ್ಯಾಪಾರ ನಿಮಗೆ ಬೇಡ. ಹೊಸ ಟೈರಿನ ಉಬ್ಬುಗಳ ನಡುವಿನ ಸಂದು ನಿಮ್ಮ ಸವೆದ ಟೈರಿಗಿಂತ ಆಳ ಇರುವುದರಿಂದ ಹಾಕಿಸಿದ ವಾರ ಗಾಡಿ ಹೊಸದಾದಂತೆ ಅನ್ನಿಸುತ್ತದೆ. ಆ ಗುಣ ಯಾವ ಹೊಸ ಟೈರಿನಲ್ಲೂ ಸಿಗುತ್ತದೆ, ಅಗಲದಿಂದ ಬಂದದ್ದಲ್ಲ.

ಹೊರಗೆ ಚಾಚುವ ರಿಮ್ ಬಗ್ಗೆ ಇನ್ನೂ ಖಡಾಖಂಡಿತವಾಗಿ ಹೇಳುತ್ತೇನೆ, ಹಾಕಿಸಬೇಡಿ. ಚಕ್ರದ ನಡುಗೆರೆ ಹೊರಗೆ ಸರಿದರೆ ವೀಲ್ ಬೇರಿಂಗ್ ಮತ್ತು ಬಾಲ್ ಜಾಯಿಂಟ್ ಮೇಲೆ ಬೀಳುವ ಭಾರ ಹೆಚ್ಚುತ್ತದೆ. ಒಂದು ಚಕ್ರ ಕಲ್ಲಿಗೆ ಬಡಿದಾಗ ಸ್ಟಿಯರಿಂಗ್ ಜೋರಾಗಿ ಎಳೆಯುತ್ತದೆ. ಮಡ್‌ಗಾರ್ಡಿನ ಹೊರಗೆ ಬಂದ ಟೈರು ಕೆಸರು ಕಲ್ಲನ್ನೆಲ್ಲ ಬಾಗಿಲಿಗೂ ಗಾಜಿಗೂ ಹಿಂದೆ ಬರುವವರಿಗೂ ಎರಚುತ್ತದೆ. ಅಷ್ಟೇ ಅಲ್ಲ, ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಡೆಯುತ್ತದೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಇಂಥದ್ದನ್ನೇ.

ನಾನು ಹೇಳುವುದು ಇದು. ನಿಮ್ಮ ಥಾರ್‌ನದೇ ಎಎಕ್ಸ್ ವೇರಿಯಂಟಿಗೆ ಕಂಪನಿ 245/75 ಆರ್ 16 ಟೈರು ಕೊಟ್ಟಿದೆ. ಅದರ ಎತ್ತರ 774 ಮಿಲಿಮೀಟರ್, ನಿಮ್ಮದಕ್ಕಿಂತ ಸ್ವಲ್ಪ ಕಡಿಮೆ. ಆದರೆ ರಿಮ್ ಎರಡು ಇಂಚು ಚಿಕ್ಕದು. ಹಾಗಾಗಿ ಟೈರಿನ ಪಕ್ಕದ ಗೋಡೆ 166ರಿಂದ 184 ಮಿಲಿಮೀಟರಿಗೆ ಏರುತ್ತದೆ. ಕೆಸರಿನಲ್ಲಿ ಗಾಳಿ ಇಳಿಸಿದಾಗ ಬಗ್ಗುವುದು ಈ ಗೋಡೆಯೇ. ಕಲ್ಲಿಗೆ ಹೊಡೆದಾಗ ರಿಮ್ಮನ್ನು ಕಾಪಾಡುವುದೂ ಇದೇ. ಕಂಪನಿಯ ಸ್ಟೀಲ್ ರಿಮ್ಮಿನ ಮೇಲೆ ಆಲ್ ಟೆರೇನ್ (ಡಾಂಬರಿಗೂ ಕಚ್ಚಾ ದಾರಿಗೂ ಆಗುವ) ವಿನ್ಯಾಸದ 245/75 ಆರ್ 16 ಐದು ಟೈರು ಹಾಕಿಸಿಕೊಳ್ಳಿ. ಸ್ಟೀಲ್ ರಿಮ್ ನೋಡಲು ಸಾದಾ. ಆದರೆ ಅಂಚು ಬಗ್ಗಿದರೆ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲೇ ತಟ್ಟಿ ಸರಿ ಮಾಡಿಕೊಂಡು ಮನೆ ಸೇರಬಹುದು. ಅಲಾಯ್ ಬಿರುಕು ಬಿಟ್ಟರೆ ಆ ಅನುಕೂಲ ಇಲ್ಲ. ಹಾಕಿಸುವ ಮೊದಲು ಒಂದು ರಿಮ್ಮನ್ನು ಕೂರಿಸಿ, ಬ್ರೇಕಿಗೆ ಎಲ್ಲೂ ತಾಗದೆ ತಿರುಗುತ್ತದಾ ಅಂತ ಕಣ್ಣಾರೆ ನೋಡಿಕೊಳ್ಳಿ.

ಇನ್ನೂ ಎತ್ತರ ಬೇಕೇ ಬೇಕು ಅನ್ನಿಸಿದರೆ ಅದೇ 16 ಇಂಚಿನ ರಿಮ್ಮಿಗೆ 235/85 ಆರ್ 16 ಅನ್ನುವ ಅಳತೆ ಇದೆ. ಎತ್ತರ 806 ಮಿಲಿಮೀಟರ್, ಅಗಲ ಇನ್ನೂ ಕಡಿಮೆ. ಎತ್ತರದ ಸಣ್ಣ ಟೈರು ಅಂದರೆ ಇದೇ. ಆದರೆ ಇದು ಕಂಪನಿ ಕೊಟ್ಟ ಅಳತೆ ಅಲ್ಲ, ಸೆಕ್ಷನ್ 52ರ ಮಾತು ಇದಕ್ಕೂ ಅನ್ವಯಿಸುತ್ತದೆ. ನಿಮ್ಮ ಈಗಿನ 255/65ಕ್ಕೆ ಹೋಲಿಸಿದರೆ ಸುತ್ತಳತೆ ನೂರಕ್ಕೆ ಎರಡರಷ್ಟು ಜಾಸ್ತಿ. ಸ್ಪೀಡೋಮೀಟರಿನ ಲೆಕ್ಕ ಅಷ್ಟು ತಪ್ಪುತ್ತದೆ, ಗೇರಿನ ಎಳೆತವೂ ಅಷ್ಟು ಕಡಿಮೆಯಾಗುತ್ತದೆ. ಆ ಅಳತೆ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದು ಹರಿದರೆ ಜೋಡಿ ಹುಡುಕುವುದು ಕಷ್ಟ. ತೋಟದ ಕೆಲಸದ ಗಾಡಿಗೆ ಇದು ಸಣ್ಣ ತೊಂದರೆ ಅಲ್ಲ, ಅದಕ್ಕೇ ನಾನು ಒತ್ತಾಯ ಮಾಡುವುದಿಲ್ಲ.

ಮಡ್ ಟೆರೇನ್ (ಕೆಸರಿಗೆಂದೇ ಮಾಡಿದ ಟೈರು) ಬೇಡವಾ ಅಂತ ನೀವು ಕೇಳಬಹುದು. ಕೆಸರಿನಲ್ಲಿ ಅದು ಆಲ್ ಟೆರೇನಿಗಿಂತ ಚೆನ್ನಾಗಿ ಕಚ್ಚುತ್ತದೆ, ಮಣ್ಣನ್ನು ಬೇಗ ಉಗುಳುತ್ತದೆ. ಆದರೆ ನೀವು ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗುವವರು. ಒದ್ದೆ ಡಾಂಬರಿನ ಮೇಲೆ ಅದರ ಬ್ರೇಕಿಂಗ್ ಸಾಮಾನ್ಯವಾಗಿ ಕಡಿಮೆ, ಸದ್ದು ಜಾಸ್ತಿ, ಸವೆತವೂ ಬೇಗ. ಚಾರ್ಮಾಡಿ, ಶಿರಾಡಿಯಂಥ ಘಾಟಿಯ ಮಳೆಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಇಳಿಯುವಾಗ ನನಗೆ ಆಲ್ ಟೆರೇನೇ ಮೇಲು. ಅಗಲದ ಮಾತು ಇಲ್ಲೂ ಬರುತ್ತದೆ. ಒಣ ಡಾಂಬರಿನ ತಿರುವಿನಲ್ಲಿ ಅಗಲದ ಟೈರ್ ಗಟ್ಟಿಯಾಗಿ ನಿಲ್ಲುತ್ತದೆ, ನಿಜ. ಹೆದ್ದಾರಿಯಲ್ಲಿ ನೀರು ನಿಂತಿದ್ದರೆ ಮಾತ್ರ ಅಗಲದ ಟೈರೇ ಮೊದಲು ನೀರಿನ ಮೇಲೆ ಏಳುವುದು, ಅಲ್ವಾ? ಸೀಳಬೇಕಾದ ನೀರು ಅದಕ್ಕೆ ಜಾಸ್ತಿ.

ಈ ಎಲ್ಲದಕ್ಕಿಂತ ಕಡಿಮೆ ಖರ್ಚಿನಲ್ಲಿ ಜಾಸ್ತಿ ಲಾಭ ಕೊಡುವುದು ಗಾಳಿ. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿ ನೋಡಿ. 30 ಪಿಎಸ್‌ಐಯಿಂದ 18ಕ್ಕೆ ಇಳಿಸಿದರೆ 210 ಇದ್ದ ಜಾಗ 350 ಚದರ ಸೆಂಟಿಮೀಟರ್ ಆಗುತ್ತದೆ. ಟೈರಿನ ಅಗಲ ಹೆಚ್ಚು ಬದಲಾಗುವುದಿಲ್ಲ. ಬೆಳೆಯುವುದು ಉದ್ದವೇ, ಹತ್ತೂವರೆಯಿಂದ ಹದಿನೇಳರ ಹತ್ತಿರಕ್ಕೆ. ನಮಗೆ ಬೇಕಾಗಿದ್ದೂ ಉದ್ದದ ಹೆಜ್ಜೆಯೇ. ಟೈರ್ ಮೆತ್ತಗಾಗಿ ಬೇರು, ಕಲ್ಲುಗಳ ಮೇಲೆ ಬಗ್ಗಿ ಕೂರುವುದರಿಂದ ಒದ್ದೆ ಏರಿನಲ್ಲಿ ಗಾಡಿ ಕುಣಿಯುವುದೂ ಕಡಿಮೆ. ತೋಟದ ಗೇಟಿನಲ್ಲಿ 20ಕ್ಕೆ ಇಳಿಸಿ ಶುರು ಮಾಡಿ. ಸಾಲದಿದ್ದರೆ 18. ಅದಕ್ಕಿಂತ ಕೆಳಗೆ ನಿಮ್ಮ ಕೆಲಸಕ್ಕೆ ಬೇಕಾಗುವುದಿಲ್ಲ. ತೀರಾ ಕಡಿಮೆ ಮಾಡಿ ಜೋರಾಗಿ ತಿರುಗಿಸಿದರೆ ಟೈರ್ ರಿಮ್ಮಿನಿಂದ ಕಳಚಿಕೊಳ್ಳಬಹುದು. ಗಾಳಿ ಇಳಿಸಿದ ಮೇಲೆ ವೇಗ 30 ದಾಟಿಸಬೇಡಿ, ಕಾಫಿ ಮೂಟೆ ತುಂಬಿಕೊಂಡಿದ್ದರೆ ಇಳಿಸಲೇಬೇಡಿ. ತೋಟದಲ್ಲಿ ಕತ್ತರಿಸಿದ ಕಾಫಿ ಬುಡ, ಸಿಲ್ವರ್ ಓಕ್ ಮೋಟುಗಳು ಚೂಪಾಗಿರುತ್ತವೆ. ಗಾಳಿ ಇಳಿದು ಉಬ್ಬಿದ ಪಕ್ಕದ ಗೋಡೆಗೆ ಅವು ಚುಚ್ಚಿದರೆ ಪಂಕ್ಚರ್ ಹಾಕಿ ಉಳಿಸಲಾಗುವುದಿಲ್ಲ, ಟೈರೇ ಹೋಯಿತು. ದಾರಿ ಬದಿಯ ಮೋಟುಗಳನ್ನು ಮಳೆಗಾಲದ ಮೊದಲೇ ನೆಲಮಟ್ಟಕ್ಕೆ ಕತ್ತರಿಸಿಬಿಡಿ. ಡಾಂಬರಿಗೆ ಬರುವ ಮೊದಲು ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಬರೆದಷ್ಟು ಗಾಳಿ ತುಂಬಲೇಬೇಕು. ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟಿನ ಒಂದು ಒಳ್ಳೆ ಕಂಪ್ರೆಸರ್ ಮತ್ತು ನಂಬಿಕಸ್ಥ ಗೇಜ್ ಕೊಳ್ಳಿ. ಅಗಲದ ರಿಮ್ಮಿಗೆ ಇಟ್ಟಿದ್ದ ದುಡ್ಡಿನಲ್ಲಿ ಇವೆರಡೂ ಬಂದು ಇನ್ನೂ ಉಳಿಯುತ್ತದೆ.

ನೀವು ಕೇಳದಿದ್ದರೂ, ಬಯಲುಸೀಮೆಯಲ್ಲಿ ನೆಂಟರಿರಬಹುದು, ಅವರಿಗಾಗಿ ಒಂದು ಮಾತು. ಗದಗ, ಧಾರವಾಡ ಕಡೆಯ ಎರೆಮಣ್ಣು ಒದ್ದೆಯಾದಾಗ ಟೈರಿಗೆ ಪದರ ಪದರವಾಗಿ ಮೆತ್ತಿಕೊಳ್ಳುತ್ತದೆ. ಅಗಲದ ಟೈರ್ ಇದ್ದರೆ ಮಡ್‌ಗಾರ್ಡಿನೊಳಗೆ ಜಾಗವೇ ಉಳಿಯದೆ ಚಕ್ರ ತಿರುಗುವುದೇ ನಿಲ್ಲುತ್ತದೆ. ಅಲ್ಲೂ ಸಣ್ಣ ಟೈರಿಗೇ ನನ್ನ ಮತ. ಅದಕ್ಕಿಂತ ಒಳ್ಳೆಯದು ಎರಡು ದಿನ ಬಿಸಿಲು ಬೀಳುವವರೆಗೆ ಕಾಯುವುದು.

ಕೊಳ್ಳುವಾಗ ಟೈರಿನ ಪಕ್ಕ ಬರೆದಿರುವ ಲೋಡ್ ಇಂಡೆಕ್ಸ್ (ಟೈರು ಎಷ್ಟು ಭಾರ ಹೊರಬಲ್ಲದು ಅಂತ ಹೇಳುವ ಅಂಕಿ) ಕಂಪನಿ ಟೈರಿಗಿಂತ ಕಡಿಮೆ ಇರಬಾರದು. ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿ ನೋಡಿ. 1025 ಅಂದರೆ 2025ರ ಹತ್ತನೇ ವಾರ. ಹಳೇ ಸ್ಟಾಕ್ ತೆಗೆದುಕೊಳ್ಳಬೇಡಿ. ಐದನೆಯದು ಯಾಕೆ ಅಂತ ಅಂಗಡಿಯವರು ಕೇಳಿದರೆ ಬಿಡಬೇಡಿ. ಸ್ಟೆಪ್ನಿ ಎತ್ತರ ಬೇರೆ ಇದ್ದು ಫೋರ್ ವೀಲ್‌ನಲ್ಲಿ ಓಡಿಸಿದರೆ ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಐದನ್ನೂ ಸರದಿಯಲ್ಲಿ ಬದಲಾಯಿಸುತ್ತಿರಿ. ಹೊಸ ರಿಮ್ ಹಾಕಿಸಿ ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಹಳೇ 18 ಇಂಚಿನ ಅಲಾಯ್‌ಗಳನ್ನು ಈಗಲೇ ಮಾರಬೇಡಿ, ಗಾಡಿ ಮಾರುವ ದಿನ ಕೊಳ್ಳುವವರು ಅದನ್ನೇ ಕೇಳುತ್ತಾರೆ.